ಹಾಡು ಯಾರದ್ದು, ದುಡ್ಡು ಎಲ್ಲಿಂದ: ಇಬ್ಬರ ಹಿಪ್‌ಹಾಪ್ ತಂಡ ನಡೆಯುವ ಬಗೆ

ಶಿವಮೊಗ್ಗದ ಕಾಲೇಜು ಹುಡುಗರ ಮೊಬೈಲಿನಲ್ಲಿ ಈಗ ಸಿನಿಮಾ ಹಾಡಿನ ಜೊತೆಗೆ ರ‍್ಯಾಪ್ ಕೂಡ ಇದೆ. ಕೇಳುವವರಷ್ಟೇ ಅಲ್ಲ, ಮಾಡುವವರೂ ಇದ್ದಾರೆ. ಸಾಗರದಲ್ಲೋ ಭದ್ರಾವತಿಯಲ್ಲೋ ಇಬ್ಬರು ಗೆಳೆಯರು ಸೇರಿ, ತಮಗೊಂದು ಹೆಸರಿಟ್ಟುಕೊಂಡು, ಯೂಟ್ಯೂಬಿಗೆ ಹಾಡು ಹಾಕುತ್ತಾರೆ. ಹಾಡು ಒಂದಷ್ಟು ಓಡಿತೆಂದರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ: "ಇದರಿಂದ ಜೀವನ ಆಗ್ತದಾ?" ಅದೇ ಹೊತ್ತಿಗೆ ಯಾವುದೋ ಕಂಪನಿಯಿಂದ ಹತ್ತಾರು ಪುಟದ ಅಗ್ರಿಮೆಂಟ್ ಬಂದು ಬೀಳುತ್ತದೆ, ಪೂರ್ತಿ ಇಂಗ್ಲಿಷಿನಲ್ಲಿ. ಸಹಿ ಹಾಕಬೇಕೋ ಬೇಡವೋ ಎಂದು ಬಿಡಿಸಿ ಹೇಳುವವರು ಸುತ್ತಮುತ್ತ ಸಿಗುವುದು ಕಷ್ಟ. ಈ ಬರಹ ಆ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ.

ಮೊದಲು ಹಿಪ್‌ಹಾಪ್ ಅಂದರೇನು

ಹಿಪ್‌ಹಾಪ್ ಎನ್ನುವುದು ಒಂದು ಇಡೀ ಸಂಸ್ಕೃತಿಯ ಹೆಸರು. ಡಿಜೆ, ರ‍್ಯಾಪ್, ಬ್ರೇಕ್‌ಡ್ಯಾನ್ಸ್, ಗೋಡೆಯ ಮೇಲಿನ ಗ್ರಾಫಿಟಿ ಚಿತ್ರ, ಈ ನಾಲ್ಕೂ ಅದರೊಳಗೆ ಬರುತ್ತವೆ. ರ‍್ಯಾಪ್ ಅದರ ಒಂದು ಭಾಗ: ತಾಳಕ್ಕೆ ಕೂರುವಂತೆ, ಪ್ರಾಸ ಕಟ್ಟಿ, ಮಾತಿನ ವೇಗದಲ್ಲಿ ಹೇಳುವ ಪದ್ಯ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಪಾರ್ಟಿಯನ್ನು ಇದರ ಹುಟ್ಟುದಿನವೆಂದು ಎಣಿಸುವ ರೂಢಿಯಿದೆ. ಹಾಡಿನ ನಡುವೆ ಬರುವ ಬರೀ ತಾಳವಾದ್ಯದ ತುಣುಕನ್ನು ಎರಡು ಟರ್ನ್‌ಟೇಬಲ್ (ರೆಕಾರ್ಡ್ ತಟ್ಟೆ ತಿರುಗಿಸುವ ಯಂತ್ರ) ಬಳಸಿ ಮತ್ತೆ ಮತ್ತೆ ಸುತ್ತಿಸಿ, ಕುಣಿಯುವವರಿಗೆ ಬಿಡುವಿಲ್ಲದ ತಾಳ ಒದಗಿಸಿದ್ದು ಅವರ ಹೆಚ್ಚುಗಾರಿಕೆ. ಆ ತಾಳದ ಮೇಲೆ ಮಾತು ಸೇರಿ ರ‍್ಯಾಪ್ ಬೆಳೆಯಿತು.

ಇಂದು ಆ ತಾಳಕ್ಕೂ ಅದರ ಸುತ್ತಲಿನ ಸಂಗೀತಕ್ಕೂ ಒಟ್ಟಾಗಿ 'ಬೀಟ್' ಎನ್ನುತ್ತಾರೆ. ನಾಲ್ಕು ಬಡಿತ ಸೇರಿದರೆ ಒಂದು ಬಾರ್. ಒಬ್ಬ ರ‍್ಯಾಪರ್ ಒಂದೇ ಸಮ ಹೇಳುವ ಭಾಗ ವರ್ಸ್, ಮರಳಿ ಮರಳಿ ಬರುವ ಪಲ್ಲವಿ ಹುಕ್. ಒಂದು ವರ್ಸ್ ಸಾಮಾನ್ಯವಾಗಿ 16 ಬಾರ್ ಇರುತ್ತದೆ. ನಿಮಿಷಕ್ಕೆ 90 ಬಡಿತದ ಬೀಟ್ ಆದರೆ ಅದು ಸುಮಾರು 43 ಸೆಕೆಂಡ್. ಅಷ್ಟು ಹೊತ್ತು ಉಸಿರು ತಪ್ಪದೆ, ತಾಳ ತಪ್ಪದೆ, ಮಾತು ಸ್ಪಷ್ಟವಾಗಿ ಕೇಳುವಂತೆ ಹೇಳುವುದು ಸುಲಭದ ಕೆಲಸವಲ್ಲ. ಇದಕ್ಕೂ ಸಾಧನೆ ಬೇಕು.

ಇಬ್ಬರೇ ಏಕೆ?

ಅರ್ಧ ಉತ್ತರ ಉಸಿರಿನಲ್ಲಿದೆ. ವೇದಿಕೆಯ ಮೇಲೆ ಒಬ್ಬರು ಹೇಳುವಾಗ ಇನ್ನೊಬ್ಬರು ಸುಧಾರಿಸಿಕೊಳ್ಳಬಹುದು, ಸಾಲಿನ ಕೊನೆಯ ಪದಕ್ಕೆ ದನಿಗೂಡಿಸಬಹುದು. ಉಳಿದರ್ಧ ಕೆಲಸದ ಹಂಚಿಕೆಯಲ್ಲಿದೆ.

ಇಬ್ಬರ ತಂಡಗಳಲ್ಲಿ ಎರಡು ಬಗೆ. ಒಂದರಲ್ಲಿ ಒಬ್ಬರು ಸಂಗೀತ ಮಾಡುತ್ತಾರೆ, ಇನ್ನೊಬ್ಬರು ಬರೆದು ಹೇಳುತ್ತಾರೆ. 1987ರಲ್ಲಿ ಮೊದಲ ಆಲ್ಬಂ ತಂದ ನ್ಯೂಯಾರ್ಕಿನ ಎರಿಕ್ ಬಿ ಮತ್ತು ರಕಿಮ್ ಈ ಬಗೆಯವರು. ಎರಡನೆಯದರಲ್ಲಿ ಇಬ್ಬರೂ ರ‍್ಯಾಪರ್‌ಗಳು, ಬೀಟ್ ಹೊರಗಿನವರಿಂದ ಬರುತ್ತದೆ. ದೆಹಲಿಯ ಸೀಧೆ ಮೌತ್ ಹಾಗೆ. 2018ರ ಅವರ ಆಲ್ಬಮಿನ ಸಂಗೀತ ಸೆಜ್ ಆನ್ ದ ಬೀಟ್ ಎಂಬ ಸಂಗೀತ ನಿರ್ಮಾಪಕರದ್ದು, ಹೊರತಂದದ್ದು ಆಜಾದಿ ರೆಕಾರ್ಡ್ಸ್ ಎಂಬ ಸ್ವತಂತ್ರ ಲೇಬಲ್, ಅಂದರೆ ಹಾಡುಗಳನ್ನು ಹೊರತರುವ ಕಂಪನಿ. ನಮ್ಮ ಕಡೆಯ ಹುಡುಗರಲ್ಲಿಯೂ ಎರಡೂ ಬಗೆ ಕಾಣುತ್ತದೆ. ತಾವು ಯಾವ ಬಗೆಯವರು ಎಂಬುದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಹಕ್ಕಿನ ಲೆಕ್ಕ ಬದಲಾಗುವುದು ಅಲ್ಲಿಂದಲೇ.

ಒಂದು ಹಾಡು, ಮೂರು ಆಸ್ತಿ

ಕೇಳುವವರಿಗೆ ಹಾಡು ಒಂದೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಅದರಲ್ಲಿ ಮೂರು ಬೇರೆ ಬೇರೆ ಕೃತಿಗಳಿವೆ. ಬರೆದ ಸಾಲುಗಳು ಸಾಹಿತ್ಯ ಕೃತಿ. ಬೀಟು, ರಾಗ ಸಂಗೀತ ಕೃತಿ. ಇವೆರಡನ್ನೂ ಸೇರಿಸಿ ದಾಖಲಿಸಿದ ಅಂತಿಮ ಫೈಲು ಧ್ವನಿಮುದ್ರಣ. ಹಾಡು ಮಾಡುವವರ ಭಾಷೆಯಲ್ಲಿ ಇದೇ 'ಮಾಸ್ಟರ್'. ಸಾಹಿತ್ಯದ ಹಕ್ಕು ಬರೆದವರದ್ದು, ಸಂಗೀತದ ಹಕ್ಕು ಸಂಯೋಜಿಸಿದವರದ್ದು. ಮಾಸ್ಟರಿನ ಹಕ್ಕು, ಧ್ವನಿಮುದ್ರಣದ ಹೊಣೆ ಹೊತ್ತು ಮಾಡಿಸಿದವರದ್ದು. ಇಬ್ಬರು ಗೆಳೆಯರು ತಮ್ಮ ದುಡ್ಡಿನಲ್ಲಿ ರೆಕಾರ್ಡ್ ಮಾಡಿಸಿದರೆ ಅದು ಅವರಿಬ್ಬರದೇ. ಕಂಪನಿ ಖರ್ಚು ಮಾಡಿ ತಾನೇ ಮಾಡಿಸಿದರೆ ಸಾಮಾನ್ಯವಾಗಿ ಕಂಪನಿಯದ್ದು.

ಈ ಹಕ್ಕು ಹುಟ್ಟುವುದಕ್ಕೆ ನೋಂದಣಿ ಬೇಕಿಲ್ಲ, ಹಾಡು ಬರೆದ ಕ್ಷಣದಲ್ಲೇ ಅದು ಇದೆ. ನೋಂದಣಿ ಮಾಡಿಸಿದರೆ ಜಗಳ ಬಂದಾಗ ಸಾಕ್ಷಿಗೆ ಅನುಕೂಲ, ಅಷ್ಟೇ. ಸಾಹಿತ್ಯ, ಸಂಗೀತದ ಹಕ್ಕು ಕರ್ತೃವಿನ ಬದುಕಿನುದ್ದಕ್ಕೂ ಇದ್ದು, ಅವರ ಮರಣದ ನಂತರ ಇನ್ನೂ 60 ವರ್ಷ ಮುಂದುವರಿಯುತ್ತದೆ. ಧ್ವನಿಮುದ್ರಣದ್ದು ಪ್ರಕಟವಾದ ಮೇಲೆ 60 ವರ್ಷ.

'ಸ್ವತಂತ್ರ' ಎಂದರೆ ಒಂಟಿಯಾಗಿ ಎಂದಲ್ಲ

ಇಲ್ಲಿ ಅಡಿಕೆ ತೋಟದ ಲೆಕ್ಕ ನೆನಪಿಸಿಕೊಂಡರೆ ವಿಷಯ ಬೇಗ ತಿಳಿಯುತ್ತದೆ. ತೋಟ ಇರುವವರಿಗೆ ಮೂರು ದಾರಿಗಳಿವೆ. ತಾವೇ ಕೊನೆ ತೆಗೆಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಬಹುದು. ಮಂಡಿಯವರು ಮಾರಿಕೊಟ್ಟು ಕಮಿಷನ್ ಹಿಡಿಯುತ್ತಾರೆ, ಮಾಲು ನಮ್ಮದೇ. ಇಲ್ಲವೇ ಈ ವರ್ಷದ ಫಸಲನ್ನು ಚೇಣಿಗೆ ಕೊಡಬಹುದು. ಒಂದು ಮೊತ್ತ ಕೈಗೆ ಬರುತ್ತದೆ, ಕೊಯ್ದುಕೊಂಡು ಹೋಗುವವರು ಚೇಣಿದಾರರು, ಅವಧಿ ಮುಗಿದರೆ ತೋಟ ಮತ್ತೆ ನಮ್ಮ ಕೈಗೆ. ಮೂರನೆಯದು, ತೋಟವನ್ನೇ ಕ್ರಯಕ್ಕೆ ಕೊಡುವುದು. ಅಲ್ಲಿಗೆ ಮುಗಿಯಿತು.

ಹಾಡಿಗೂ ಇವೇ ಮೂರು ದಾರಿ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್‌ನಂಥ ವಿತರಕರು ಮಂಡಿಯಂತೆ. ವಾರ್ಷಿಕ ಶುಲ್ಕವನ್ನೋ ಪಾಲನ್ನೋ ತೆಗೆದುಕೊಂಡು ನಿಮ್ಮ ಹಾಡನ್ನು ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್ ಮುಂತಾದ ಕಡೆಗೆ ಮುಟ್ಟಿಸುತ್ತಾರೆ, ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಲೈಸೆನ್ಸ್ ಒಪ್ಪಂದ ಚೇಣಿಯಂತೆ: ಇಷ್ಟು ವರ್ಷ, ಇಂಥ ದೇಶಗಳಲ್ಲಿ ಎಂದು ಲೇಬಲ್‌ಗೆ ಬಿಟ್ಟುಕೊಡುವುದು. ಅಸೈನ್‌ಮೆಂಟ್ ಎಂದರೆ ಕ್ರಯಪತ್ರ. ಆ ಪದ ಅಗ್ರಿಮೆಂಟಿನಲ್ಲಿ ಕಂಡರೆ ಅಲ್ಲಿಯೇ ನಿಂತು ಎರಡು ಸಲ ಓದಬೇಕು.

ಕಾಯ್ದೆಯ 19ನೇ ವಿಧಿ ಇಲ್ಲಿ ಹುಡುಗರ ಬೆನ್ನಿಗಿದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಲೇಬೇಕು, ಬಾಯಿಮಾತಿನಲ್ಲಿ ಆಗುವುದಿಲ್ಲ. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಅರ್ಥ. ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಅದು ರದ್ದಾದಂತೆ. ಆದರೆ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಎಂದು ಬರೆದ ಕಾಗದಕ್ಕೆ ಸಹಿ ಬಿದ್ದರೆ ಅವಧಿ, ಪ್ರದೇಶದ ಈ ರಕ್ಷಣೆ ಸಿಗುವುದಿಲ್ಲ.

ಸ್ವತಂತ್ರವಾಗಿದ್ದೂ ದೊಡ್ಡವರ ನೆರವು ಪಡೆಯಬಹುದು ಎಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ಮ್ಯಾಕ್ಲಮೋರ್ ಮತ್ತು ರಯನ್ ಲೂಯಿಸ್ ಒಳ್ಳೆಯ ಉದಾಹರಣೆ. 2012ರ ಆಲ್ಬಂ ಅನ್ನು ಅವರು ಯಾವ ದೊಡ್ಡ ಲೇಬಲ್‌ಗೂ ಸಹಿ ಹಾಕದೆ ತಂದರು. 2013ರಲ್ಲಿ ಅದರ ಒಂದು ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು, 2014ರಲ್ಲಿ ನಾಲ್ಕು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದವು. ಆದರೆ ಎಲ್ಲವನ್ನೂ ಅವರಿಬ್ಬರೇ ಮಾಡಲಿಲ್ಲ. ವಿತರಣೆಗೆ ವಾರ್ನರ್ ಸಮೂಹದ ಒಂದು ಘಟಕದ ಸಹಾಯ ಪಡೆದರು, ರೇಡಿಯೊದಲ್ಲಿ ಹಾಡು ಬರಿಸುವುದಕ್ಕೆ ಅದೇ ವಾರ್ನರ್‌ನ ಪ್ರಚಾರ ತಂಡಕ್ಕೆ ಹಣ ಕೊಟ್ಟರು. ಸೇವೆಯನ್ನು ಕೊಂಡರು, ಮಾಸ್ಟರನ್ನು ಮಾರಲಿಲ್ಲ.

ಮುಂಗಡದ ಗಂಟು

ಲೇಬಲ್‌ನವರು ಕೊಡುವ ಮುಂಗಡ ಬಹುಮಾನವಲ್ಲ. ಮಂಡಿಯಲ್ಲಿ ಎತ್ತಿದ ಸಾಲ ಮಾಲಿನ ಹಣದಲ್ಲಿ ವಜಾ ಆಗುವ ಹಾಗೆಯೇ ಇದೂ ಮುಂದಿನ ಆದಾಯದಲ್ಲಿ ವಜಾ ಆಗುತ್ತದೆ. ವ್ಯತ್ಯಾಸವೆಂದರೆ, ವಜಾ ಆಗುವುದು ಪೂರ್ತಿ ಆದಾಯದಲ್ಲಲ್ಲ, ನಿಮ್ಮ ಪಾಲಿನಲ್ಲಿ ಮಾತ್ರ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಮುಂಗಡ 2 ಲಕ್ಷ ರೂ., ನಿಮ್ಮ ಪಾಲು ಶೇ. 20. ಹಾಡುಗಳಿಂದ 5 ಲಕ್ಷ ಬಂತು ಎಂದುಕೊಳ್ಳಿ. ನಿಮ್ಮ ಪಾಲಿನ 1 ಲಕ್ಷ ಮುಂಗಡಕ್ಕೆ ಜಮೆಯಾಗುತ್ತದೆ, ಇನ್ನೂ 1 ಲಕ್ಷ ಬಾಕಿ. ಕಂಪನಿಗೆ ಅಷ್ಟರಲ್ಲಿ ಕೊಟ್ಟ 2 ಲಕ್ಷ ಕಳೆದು 3 ಲಕ್ಷ ಹೆಚ್ಚೇ ಬಂದಿದೆ. ನಿಮ್ಮ ಖಾತೆ ಮಾತ್ರ ಸಾಲದಲ್ಲಿದೆ. ವಿಡಿಯೊ ಖರ್ಚು, ಪ್ರಚಾರದ ಖರ್ಚನ್ನೂ ನಿಮ್ಮ ಲೆಕ್ಕಕ್ಕೇ ಬರೆಯುವ ಷರತ್ತು ಇದ್ದರೆ ಆ ಬಾಕಿ ತೀರುವುದು ಇನ್ನೂ ದೂರ. ಇದರಲ್ಲಿ ಮೋಸವೇನೂ ಇಲ್ಲ, ಒಪ್ಪಂದ ಇರುವುದೇ ಹಾಗೆ. ಕಂಪನಿ ಹತ್ತು ತಂಡಕ್ಕೆ ಹಣ ಹೂಡಿದರೆ ಗೆಲ್ಲುವುದು ಒಂದೋ ಎರಡೋ, ಉಳಿದವುಗಳ ನಷ್ಟ ಅದರ ಮೇಲೆಯೇ. ಆದರೂ ಸಹಿ ಹಾಕುವ ಮೊದಲು ಶೇಕಡಾವಾರು, ವಜಾ ಆಗುವ ಖರ್ಚುಗಳ ಪಟ್ಟಿ, ಹಕ್ಕು ಮರಳುವ ದಿನ, ಈ ಮೂರನ್ನು ಕಾಗದದಲ್ಲಿ ಬೆರಳಿಟ್ಟು ತೋರಿಸಿ ಎಂದು ಕೇಳುವುದು ತಪ್ಪಲ್ಲ.

ಒಂದು ಸಲ ಕೇಳಿದರೆ ಎಷ್ಟು ಬರುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ನಿಗದಿತ ದರವೇ ಇಲ್ಲ. ಸ್ಪಾಟಿಫೈಯಂಥ ಸೇವೆ ಒಂದು ದೇಶದಲ್ಲಿ ಒಂದು ತಿಂಗಳು ಚಂದಾ, ಜಾಹೀರಾತಿನಿಂದ ಬಂದ ಹಣವನ್ನು ಒಟ್ಟು ಹಾಕುತ್ತದೆ. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಹಕ್ಕುದಾರರಿಗೆ. ಆ ಭಾಗವನ್ನು ಎಲ್ಲ ಹಾಡುಗಳ ಒಟ್ಟು ಕೇಳುವಿಕೆಯಲ್ಲಿ ನಿಮ್ಮದೆಷ್ಟು ಎಂಬ ಪ್ರಮಾಣದಲ್ಲಿ ಹಂಚಲಾಗುತ್ತದೆ. ಹಾಗಾಗಿ ಲಂಡನ್ನಿನಲ್ಲಿ ಚಂದಾ ಕಟ್ಟಿ ಕೇಳಿದ ಒಂದು ಸಲಕ್ಕೂ, ತೀರ್ಥಹಳ್ಳಿಯಲ್ಲಿ ಜಾಹೀರಾತು ಸಹಿತ ಪುಕ್ಕಟೆ ಕೇಳಿದ ಒಂದು ಸಲಕ್ಕೂ ಬರುವ ಹಣ ಒಂದೇ ಅಲ್ಲ. ನಮ್ಮ ದೇಶದಲ್ಲಿ ಚಂದಾ ಕಡಿಮೆ, ಪುಕ್ಕಟೆ ಕೇಳುವವರು ಹೆಚ್ಚು. ಆದ್ದರಿಂದ ಸಾವಿರಾರು ಸಲ ಓಡಿದ ಹಾಡೂ ಚಿಲ್ಲರೆಯನ್ನಷ್ಟೇ ತರಬಹುದು. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಓಡದ ಹಾಡಿಗೆ ಧ್ವನಿಮುದ್ರಣದ ಹಣವೇ ಇಲ್ಲ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್‌ಗೆ 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು.

ಹೆಚ್ಚಿನ ಹುಡುಗರು ಮರೆಯುವ ಇನ್ನೊಂದು ಕಾಲುವೆ ಇದೆ. ವಿತರಕರ ಮೂಲಕ ಬರುವುದು ಮಾಸ್ಟರಿನ ಹಣ ಮಾತ್ರ. ಸಾಹಿತ್ಯ, ಸಂಗೀತದ ಹಣ ಬೇರೆ ದಾರಿಯಲ್ಲಿ ಹರಿಯುತ್ತದೆ. ಅದನ್ನು ಸಂಗ್ರಹಿಸಿ ಸದಸ್ಯರಿಗೆ ಹಂಚುವ ಸಂಸ್ಥೆ 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). ಹಾಡು ಬರೆದವರು, ಸಂಯೋಜಿಸಿದವರು ಅದರ ಸದಸ್ಯರಾಗಿ ತಮ್ಮ ಹಾಡುಗಳನ್ನು ದಾಖಲಿಸಬೇಕು. ದಾಖಲಿಸದಿದ್ದರೆ ಹಾಡು ಯಾರದ್ದೆಂದು ಸಂಸ್ಥೆಗೆ ಗೊತ್ತಾಗುವುದಾದರೂ ಹೇಗೆ? ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಬಳಿಕ ಈ ರಾಯಧನದಲ್ಲಿ ಬರಹಗಾರ, ಸಂಯೋಜಕರಿಗೆ ಹಕ್ಕು ಬರೆಸಿಕೊಂಡವರ ಜೊತೆ ಸಮಪಾಲಿನ ಹಕ್ಕಿದೆ. ಅದನ್ನು ವಾರಸುದಾರರಿಗೆ ಅಥವಾ ಇಂಥ ಸಂಸ್ಥೆಗೆ ಬಿಟ್ಟು ಬೇರೆಯವರಿಗೆ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಸಿನಿಮಾಕ್ಕೆಂದು ಬರೆದ ಹಾಡಿಗೂ ಇದು ಅನ್ವಯ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಪ್ರದರ್ಶನವಾಗುವುದಷ್ಟೇ ಹೊರತು. ಮಾಸ್ಟರ್ ಮಾರಿಕೊಂಡವರಿಗೂ ಇದೊಂದು ಉಳಿದೇ ಇರುತ್ತದೆ. ನನಗೆ ಈ ತಿದ್ದುಪಡಿಯ ಬಗ್ಗೆ ತುಂಬ ಗೌರವವಿದೆ.

ಬೀಟ್ ಎಲ್ಲಿಂದ ಬಂತು?

ಇಂಟರ್‌ನೆಟ್ಟಿನಲ್ಲಿ ಕಡಿಮೆ ಬೆಲೆಗೆ ಸಿಗುವ ಬೀಟು ಬಹುಮಟ್ಟಿಗೆ ಬಾಡಿಗೆಯದು. ಅದೇ ಬೀಟನ್ನು ಇನ್ನೂ ಹಲವರಿಗೆ ಕೊಟ್ಟಿರುತ್ತಾರೆ, ಇಷ್ಟು ಸಲ ಓಡುವ ತನಕ ಮಾತ್ರ ಎಂಬ ಮಿತಿ ಇರುವುದೂ ಉಂಟು. ಅಂಥ ಬೀಟಿನ ಹಾಡನ್ನು ಯೂಟ್ಯೂಬಿನ ಕಂಟೆಂಟ್ ಐಡಿಗೆ (ಒಂದೇ ಸಂಗೀತ ಬೇರೆ ವಿಡಿಯೊಗಳಲ್ಲಿದ್ದರೆ ತಾನಾಗಿ ಗುರುತಿಸುವ ವ್ಯವಸ್ಥೆ) ಸೇರಿಸಿದರೆ ಅದೇ ಬೀಟ್ ಬಾಡಿಗೆಗೆ ಪಡೆದ ಬೇರೆಯವರ ಹಾಡಿನ ಮೇಲೂ ಹಕ್ಕು ಸಾಧಿಸಿದಂತಾಗಿ ತಕರಾರು ಬರುತ್ತದೆ. ರಸೀದಿಯನ್ನೂ ಲೈಸೆನ್ಸ್ ಪತ್ರವನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು.

ಇನ್ನೊಬ್ಬರ ದಾಖಲೆಯಿಂದ ತುಣುಕು ಎತ್ತಿ ಬಳಸುವುದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಹಿಪ್‌ಹಾಪ್ ಹುಟ್ಟಿದ್ದೇ ಹಾಗೆ. ಆದರೆ ಅನುಮತಿ ಬೇಕು. ನ್ಯೂಯಾರ್ಕಿನ ಡಿ ಲಾ ಸೋಲ್ ತಂಡದ ಹಳೆಯ ಆಲ್ಬಂಗಳು ಸ್ಟ್ರೀಮಿಂಗಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ; ಅಷ್ಟು ವರ್ಷ ತಡವಾಗಲು ಸ್ಯಾಂಪಲ್‌ಗಳ ಅನುಮತಿಯ ತೊಡಕು ಮುಖ್ಯ ಕಾರಣ.

ಮಲೆನಾಡಿನ ಹುಡುಗರಿಗೆ ಇದು ಹತ್ತಿರದ ವಿಷಯ. ರ‍್ಯಾಪಿನಲ್ಲಿ ಡೊಳ್ಳು, ಚಂಡೆ, ದೀಪಾವಳಿಯ ಅಂಟಿಗೆ ಪಂಟಿಗೆಯ ಪದ ಬರಲಿ ಎಂಬ ಆಸೆ ಸಹಜ, ಬಂದರೆ ಚೆಂದವೂ ಹೌದು. ತಲೆತಲಾಂತರದಿಂದ ಬಂದ ಜನಪದ ಪದಕ್ಕೆ ಒಬ್ಬ ಕರ್ತೃವಿಲ್ಲ, ಅದನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಯಾರೋ ರೆಕಾರ್ಡ್ ಮಾಡಿದ ಆ ಪದದ ಆಡಿಯೊಗೆ ಒಡೆಯರಿದ್ದಾರೆ. ಆದ್ದರಿಂದ ಯೂಟ್ಯೂಬಿನಿಂದ ಇಳಿಸಿಕೊಳ್ಳುವ ಬದಲು ಊರಿನ ಡೊಳ್ಳಿನ ತಂಡವನ್ನೇ ಕರೆದು, ಅವರಿಗೆ ಸಂಭಾವನೆ ಕೊಟ್ಟು, ಹೆಸರು ಹಾಕಿ, ಹೊಸದಾಗಿ ರೆಕಾರ್ಡ್ ಮಾಡಿಕೊಳ್ಳುವುದು ಕಾನೂನಿಗೂ ಸರಿ, ನ್ಯಾಯಕ್ಕೂ ಸರಿ. ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕನ್ನು ನಮ್ಮ ಕಾಯ್ದೆ ಪ್ರತ್ಯೇಕವಾಗಿಯೇ ಕೊಟ್ಟಿದೆ. ಹಾಗಾಗಿ ಅವರ ಒಪ್ಪಿಗೆಯೂ ಬರವಣಿಗೆಯಲ್ಲಿರಲಿ.

ಹಂಚಿನ ಮನೆಯಲ್ಲಿ, ತಗಡಿನ ಮಾಡಿನ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ರೆಕಾರ್ಡಿಂಗ್ ಮಾಡುವುದು ಎಷ್ಟು ಕಷ್ಟ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಬರೆದು, ಬಿಸಿಲು ಬಂದ ಮೇಲೆ ರೆಕಾರ್ಡ್ ಮಾಡುವ ಕ್ರಮ ಇಟ್ಟುಕೊಂಡರೆ ಹಣವೂ ಉಳಿಯುತ್ತದೆ.

ವೇದಿಕೆ, ಮತ್ತು ಹೊಟ್ಟೆಪಾಡು

ಹೆಚ್ಚಿನ ಸ್ವತಂತ್ರ ತಂಡಗಳನ್ನು ನಡೆಸುವುದು ಸ್ಟ್ರೀಮಿಂಗ್ ಅಲ್ಲ, ಕಾರ್ಯಕ್ರಮ. ರನ್ ದ ಜ್ಯುವೆಲ್ಸ್ ಎಂಬ ಅಮೆರಿಕದ ಇಬ್ಬರ ತಂಡ 2013ರಿಂದ 2020ರವರೆಗೆ ತಂದ ನಾಲ್ಕೂ ಆಲ್ಬಂಗಳನ್ನು ಪುಕ್ಕಟೆ ಡೌನ್‌ಲೋಡ್‌ಗೆ ಬಿಟ್ಟಿತು. ಹಾಡು ಕೇಳಿದವರು ಟಿಕೆಟ್ ಕೊಂಡು ಬಂದರೆ, ಟಿ-ಶರ್ಟ್ ಕೊಂಡರೆ ಆ ಹಣ ತಂಡಕ್ಕೆ. ಅವರಿಬ್ಬರೂ ಅದಕ್ಕೂ ಮುಂಚೆ ವರ್ಷಗಟ್ಟಲೆ ಬೇರೆ ಬೇರೆಯಾಗಿ ಹೆಸರು ಮಾಡಿದ್ದವರು ಎಂಬುದನ್ನು ಮರೆಯಬಾರದು. ಮೊದಲ ಹಾಡಿಗೇ ಈ ದಾರಿ ಹಿಡಿದರೆ ನಡೆಯುವುದು ಕಷ್ಟ.

ನಮ್ಮ ಕಡೆ ಕಾರ್ಯಕ್ರಮ ಎಂದರೆ ಕಾಲೇಜು ಫೆಸ್ಟು, ಗಣಪತಿ ಪೆಂಡಾಲು, ದಸರಾ, ಮತ್ತೆ ಬೆಂಗಳೂರು. ಬಯಲು ವೇದಿಕೆಗೆ ಮಳೆ ಬಿಡಬೇಕು. ಮಳೆ ಬಿಟ್ಟ ಕಾಲವೇ ಅಡಿಕೆ ಕೊಯ್ಲಿನ ಕಾಲ, ಮನೆಯಲ್ಲಿ ಆಳಿಲ್ಲದ ಹೊತ್ತು. ತೋಟದ ಮನೆಯ ಹುಡುಗರಿಗೆ ಈ ಇಕ್ಕಟ್ಟು ಪ್ರತಿವರ್ಷದ್ದು. ಇನ್ನು ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ಬರುವ ಖರ್ಚು, ಡಿಜೆಯ ಸಂಭಾವನೆ, ಉಳಿಯುವ ವ್ಯವಸ್ಥೆ ಕಳೆದು ಉಳಿದದ್ದು ಎರಡು ಪಾಲಾಗಬೇಕು. ಸಂಭಾವನೆ ಮಾತನಾಡುವಾಗ ಪ್ರಯಾಣ, ವಸತಿ ಬೇರೆ ಎಂದು ಮೊದಲೇ ಹೇಳುವುದು ಈ ವೃತ್ತಿಯಲ್ಲಿ ಸಾಮಾನ್ಯ. ಅರ್ಧ ಹಣ ಮೊದಲೇ ಕೇಳುವುದಕ್ಕೂ ಸಂಕೋಚ ಬೇಡ. ಸಂಘಟಕರು ಮೂಲದಲ್ಲೇ ತೆರಿಗೆ ಹಿಡಿದಿದ್ದರೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಇಷ್ಟೆಲ್ಲ ಆದಮೇಲೂ ಮೊದಲ ಕೆಲವು ವರ್ಷ ಇಬ್ಬರಲ್ಲಿ ಒಬ್ಬರಿಗಾದರೂ, ಹೆಚ್ಚಾಗಿ ಇಬ್ಬರಿಗೂ, ಬೇರೊಂದು ಕೆಲಸ ಇರಬೇಕಾಗುತ್ತದೆ. "ಜೀವನ ಆಗ್ತದಾ" ಎಂದು ಕೇಳಿದ ಅಪ್ಪ ಅಮ್ಮನಿಗೆ ಪ್ರಾಮಾಣಿಕ ಉತ್ತರ ಇದೇ: ಕೂಡಲೇ ಆಗುವುದಿಲ್ಲ, ಹಕ್ಕು ಕೈಯಲ್ಲಿದ್ದರೆ ಹಾಡುಗಳು ಹೆಚ್ಚಿದಂತೆ ಆದಾಯಕ್ಕೆ ದಾರಿಯಾಗಬಹುದು.

ಇಬ್ಬರ ನಡುವಿನ ಕಾಗದ

ಗೆಳೆತನದಲ್ಲಿ ಕಾಗದ ಯಾಕೆ ಎಂದು ಕೇಳುತ್ತಾರೆ. ಕಾಗದ ಇಲ್ಲದಿದ್ದರೆ ಕಾನೂನೇ ತನ್ನದೊಂದು ಕಾಗದ ಇಡುತ್ತದೆ, ಅದಕ್ಕೆ. ಲಾಭ ಹಂಚಿಕೊಳ್ಳಲು ಒಪ್ಪಿ ಇಬ್ಬರು ಸೇರಿ ನಡೆಸುವ ವ್ಯವಹಾರವನ್ನು 1932ರ ಪಾಲುದಾರಿಕೆ ಕಾಯ್ದೆ ಪಾಲುದಾರಿಕೆ ಎಂದೇ ನೋಡುತ್ತದೆ, ಬಾಯಿಮಾತಿನದಾದರೂ ಸರಿ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ, ನಷ್ಟ ಎರಡೂ ಸಮಪಾಲು. ಒಬ್ಬರು ತಂಡದ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಇನ್ನೊಬ್ಬರೂ ಹೊಣೆ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ತನ್ನ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ.

ಪ್ರತಿ ಹಾಡಿಗೂ ಒಂದು ಪಾಲುಪಟ್ಟಿ ಬರೆಯುವ ರೂಢಿ ಹಾಡುಗಾರರಲ್ಲಿದೆ, ಅವರು ಅದನ್ನು ಸ್ಪ್ಲಿಟ್ ಶೀಟ್ ಎನ್ನುತ್ತಾರೆ. ಹಾಡಿನ ಹೆಸರು, ದಿನಾಂಕ, ಸಾಹಿತ್ಯದಲ್ಲಿ ಯಾರದ್ದೆಷ್ಟು, ಸಂಗೀತದಲ್ಲಿ ಯಾರದ್ದೆಷ್ಟು, ಮಾಸ್ಟರಿನಲ್ಲಿ ಯಾರದ್ದೆಷ್ಟು, ಎಲ್ಲರ ಸಹಿ. ಒಂದೇ ಹಾಳೆ ಸಾಕು. ಇದನ್ನು ಬರೆಯಬೇಕಾದದ್ದು ಹಾಡು ಮುಗಿದ ದಿನ, ಅದಕ್ಕಿನ್ನೂ ಬೆಲೆ ಬಾರದಿರುವಾಗ. ಹಾಡು ಓಡಿದ ಮೇಲೆ ಇದೇ ಮಾತು ಆಡುವುದು ತುಂಬ ಕಷ್ಟ.

ತಂಡದ ಹೆಸರು ಯಾರದ್ದು ಎಂಬುದೂ ಬರೆದಿಡುವ ವಿಷಯ. ಹೆಸರಿಗೆ ಕೃತಿಸ್ವಾಮ್ಯ ಇಲ್ಲ, ಟ್ರೇಡ್‌ಮಾರ್ಕ್ ಇದೆ. ಮನರಂಜನೆಯ ಸೇವೆಗೆ 41ನೇ ವರ್ಗದಲ್ಲಿ ಅರ್ಜಿ ಹಾಕಬೇಕು, ನೋಂದಣಿ 10 ವರ್ಷ ಇರುತ್ತದೆ, ನವೀಕರಿಸಬಹುದು. ಒಬ್ಬರೇ ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಮುಂದೆ ಬೇರೆಯಾದಾಗ ಇನ್ನೊಬ್ಬರು ಆ ಹೆಸರಿನಲ್ಲಿ ವೇದಿಕೆ ಹತ್ತುವುದಕ್ಕೆ ತೊಡಕಾಗುತ್ತದೆ. ಯೂಟ್ಯೂಬ್ ಚಾನೆಲ್, ವಿತರಕರ ಖಾತೆ ಯಾರ ಇಮೇಲ್‌ನಲ್ಲಿವೆ ಎಂಬುದೂ ಅಷ್ಟೇ ಮುಖ್ಯ.

ಬೇರೆಯಾಗುವುದು ಸೋಲೇನಲ್ಲ. ಅಟ್ಲಾಂಟಾದ ಔಟ್‌ಕಾಸ್ಟ್ ಇಬ್ಬರು 2003ರಲ್ಲಿ ಒಬ್ಬೊಬ್ಬರು ಒಂದೊಂದು ಡಿಸ್ಕ್ ಮಾಡಿ ಒಂದೇ ಆಲ್ಬಮಾಗಿ ತಂದರು, ಅದಕ್ಕೆ ವರ್ಷದ ಆಲ್ಬಂ ಗ್ರ್ಯಾಮಿಯೂ ಬಂತು. 2006ರ ಬಳಿಕ ಒಟ್ಟಿಗೆ ಹೊಸ ಆಲ್ಬಂ ಮಾಡಲಿಲ್ಲ. ತಂಡ ನಿಂತರೂ ಹಾಡಿನ ಹಣ ನಿಲ್ಲುವುದಿಲ್ಲ. ಇಬ್ಬರ ಸಾಲುಗಳನ್ನು ಬೇರ್ಪಡಿಸಲಾಗದಂತೆ ಸೇರಿ ಬರೆದ ಸಾಹಿತ್ಯವಾದರೆ ಮರಣಾನಂತರದ 60 ವರ್ಷದ ಎಣಿಕೆ ಇಬ್ಬರಲ್ಲಿ ಕೊನೆಗೆ ತೀರಿಕೊಂಡವರಿಂದ ಶುರುವಾಗುತ್ತದೆ. ಅಷ್ಟು ಕಾಲ ಪಾಲು ವಾರಸುದಾರರಿಗೆ ಹೋಗುತ್ತದೆ, ಆಗ ಅವರಿಗೆ ಆಧಾರವಾಗುವುದು ಆ ಒಂದು ಹಾಳೆಯೇ. ಪಾಲುಪಟ್ಟಿಯ ಒಂದೊಂದು ಪ್ರತಿ ಮನೆಯಲ್ಲಿ ಪಹಣಿ, ಪಾಸ್‌ಬುಕ್ ಇಡುವ ಕಡೆಯೂ ಇರಲಿ.